ಕವಿಮೇಷ್ಟರು ಮತ್ತು ಹಾಲಿನ ಪುಡಿಯ ಲೆಕ್ಕ

ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಾಣಸಿಗುವ ಕವಿಮೇಷ್ಟರನ್ನು, ಅಂದರೆ ಸಂಬಳ ಬರುವುದು ಪಾಠಕ್ಕಾದರೂ ತಾವು ಹುಟ್ಟಿದ್ದು ಕಾವ್ಯಕ್ಕೆಂದು ನಂಬಿರುವ ಕನ್ನಡ ಶಿಕ್ಷಕರನ್ನು, ಗುರುತಿಸಲು ಗಡ್ಡ ಮತ್ತು ಹೆಗಲಚೀಲಗಳಿಗಿಂತ ಭರ್ತಿಯಾಗದ ದಾಖಲೆ ಪುಸ್ತಕಗಳೇ ಹೆಚ್ಚು ನಂಬಲರ್ಹ ಲಕ್ಷಣಗಳಾಗಿವೆ. ವಿದ್ಯಾರ್ಥಿಗಳ ಅಂಕಗಳನ್ನು ಸ್ಯಾಟ್ಸ್ ಎಂಬ ಇಲಾಖೆಯ ತಂತ್ರಾಂಶಕ್ಕೆ ಏರಿಸಬೇಕಾದ ಕೊನೆಯ ದಿನದಂದೇ ಇವರಿಗೆ ಸ್ಫೂರ್ತಿ ಬರುತ್ತದೆ. ಆಕ್ಷೇಪಿಸಿದವರಿಗೆ ಕುವೆಂಪು, ಬೇಂದ್ರೆ ಇಬ್ಬರೂ ಮೇಷ್ಟರೇ ಆಗಿದ್ದರೆಂಬ ಉತ್ತರ ಸಿದ್ಧವಿರುತ್ತದೆ. ಆ ಇಬ್ಬರು ಪಾಠ ಹೇಳಿದ ಮೈಸೂರಿನ ಮಹಾರಾಜ ಕಾಲೇಜಿನಲ್ಲಾಗಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಾಗಲಿ ಹಾಲಿನ ಪುಡಿ ತೂಗುವ ಕೆಲಸ ಇರಲಿಲ್ಲವೆಂಬುದು ಇವರ ವಾದಕ್ಕೆ ವಿರುದ್ಧವೋ ಪೂರಕವೋ ಹೇಳುವುದು ಕಷ್ಟ.

2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಂತೆ ಪ್ರತಿ ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು ಸಿದ್ಧವಾಗಬೇಕು, ಖರ್ಚು ಮತ್ತು ಉಳಿಕೆ ದಿನವೂ ದಾಖಲಾಗಬೇಕು. ಇಂಥದೊಂದು ದಾಖಲೆಯ ಹೊಣೆ ಹೊತ್ತ ಕವಿಮೇಷ್ಟರೊಬ್ಬರು ಖರ್ಚಿನ ಅಂಕಣವನ್ನು ಖಾಲಿ ಬಿಟ್ಟು, ಷರಾ ಎಂಬ, ಅಂದರೆ ಟಿಪ್ಪಣಿಗೆ ಮೀಸಲಾದ, ಅಂಕಣದಲ್ಲಿ ಕರುವಿನ ಪಾಲಿನ ಹಾಲನ್ನು ಕುರಿತು ನಾಲ್ಕು ಸಾಲು ಬರೆದಿದ್ದರು. ತಪಾಸಣೆಗೆ ಬಂದ ಅಧಿಕಾರಿ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಕವಿಯ ಜೊತೆ ಚಹಾಕ್ಕೆ ಹೋದರು. ಹಾಜರಿ ಪುಸ್ತಕ ತೆರೆದು ಮಕ್ಕಳ ಸಂಖ್ಯೆಯನ್ನು 18ರಿಂದ ಗುಣಿಸುತ್ತ, ಕೊನೆಯ ಬಸ್ಸು ಹೋಗುವವರೆಗೂ ಇಡೀ ತಿಂಗಳ ಲೆಕ್ಕ ಸರಿಪಡಿಸಿದವರು ಪಕ್ಕದ ಕುರ್ಚಿಯ ಗಣಿತ ಶಿಕ್ಷಕರು. ಅವರಿಗೆ ಚಹಾ ಸಿಗಲಿಲ್ಲವೆಂಬುದನ್ನು ಇಲ್ಲಿ ದಾಖಲಿಸುವುದು ಅಗತ್ಯ.

ಆದರೂ ಒಂಬತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ, ಮಾತೇ ಆಡದ ಹುಡುಗ ಬತ್ತಿದ ಕೊಳವೆಬಾವಿಯ ಮೇಲೆ ಬರೆದದ್ದನ್ನು ಕಾಗುಣಿತ ತಿದ್ದದೆ ಗಟ್ಟಿಯಾಗಿ ಓದಿಸುವವರು ಇದೇ ಮೇಷ್ಟರು. ಆಗ ಮೇಲೆ ಹೇಳಿದ ಗಣಿತ ಶಿಕ್ಷಕರು ನೀರು ಕುಡಿಯುವ ನೆಪದಲ್ಲಿ ಜಗಲಿಗೆ ಬಂದು ನಿಲ್ಲುವುದುಂಟು. ದಾಖಲೆಗಳನ್ನು ಅಚ್ಚುಕಟ್ಟಾಗಿ ಇಡುವ ಇಂಥವರಲ್ಲಿ ಹಲವರು ತರಬೇತಿಯ ದಿನಗಳಲ್ಲಿ ನಾಟಕ ಬರೆದವರು, ಹಾರ್ಮೋನಿಯಂ ನುಡಿಸಿದವರು; ಯಾರಾದರೂ ಒಬ್ಬರು ಲೆಕ್ಕ ಬರೆಯಲೇಬೇಕಾದ್ದರಿಂದ ಅವನ್ನು ಬಿಟ್ಟವರು.

ಮತಗಟ್ಟೆ ಮಟ್ಟದ ಅಧಿಕಾರಿಯ ಕೆಲಸಕ್ಕೆ, ಅಂದರೆ ಮನೆಮನೆಗೆ ಹೋಗಿ ಮತದಾರರ ಪಟ್ಟಿ ಪರಿಶೀಲಿಸುವ ಹೊಣೆಗೆ, ಹೆಸರು ಕಳಿಸುವಾಗ ಮುಖ್ಯೋಪಾಧ್ಯಾಯರು ಸಹಜವಾಗಿಯೇ ಗಣಿತ ಶಿಕ್ಷಕರನ್ನು ಸೂಚಿಸುತ್ತಾರೆ. ಕವಿಮೇಷ್ಟರು ಈ ಅನ್ಯಾಯಕ್ಕೆ ಎಲ್ಲರಿಗಿಂತ ಹೆಚ್ಚು ಮರುಗಿ, ಸಂಜೆಯೊಳಗೆ ಅದರ ಮೇಲೊಂದು ಕವಿತೆ ಬರೆದು, ಬೆರಳಚ್ಚು ಮಾಡಿಕೊಡಲು ಅವರಿಗೇ ಕೊಡುತ್ತಾರೆ.