ಬಿಲ್ ಮಾವನ ಗೀಸರ್

ಹಳೇ ಸಾಮಾನು ಮಾರುತ್ತೇನೆಂದು ವರ್ಷಗಟ್ಟಲೆ ಹೇಳುತ್ತ, ಒಂದನ್ನೂ ಮಾರದೆ ಇರುವವರು ಊರಿಗೊಬ್ಬರಾದರೂ ಇರುತ್ತಾರೆ. ಸಿರುಗುಪ್ಪ ತಾಲ್ಲೂಕಿನ ಕರೂರಿಗೆ ಈ ಕೊರತೆ ಬಾರದಂತೆ ನೋಡಿಕೊಂಡವರು ಬಿಲ್ ಮಾವ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಕೊಂಡದ್ದಕ್ಕೆಲ್ಲ ಬಿಲ್ ಕೇಳಿ ಪಡೆದು, ತಂತಿಗೆ ಚುಚ್ಚಿ, ಗೋಡೆಗೆ ನೇತು ಹಾಕುತ್ತಾರೆ. ಸದ್ಯ ಮಾರಾಟಕ್ಕಿರುವುದು ಹದಿನೈದು ಲೀಟರಿನ ಕರೆಂಟ್ ಗೀಸರ್.

ಮಾರಾಟದ ಮಾತು ಶುರುವಾಗುವುದು ಏಪ್ರಿಲ್‌ನಲ್ಲಿ. ಆಗ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟಿರುತ್ತದೆ. ಮಾಳಿಗೆ ಮೇಲಿನ ಕರಿ ಸಿಂಟೆಕ್ಸಿನ ನೀರು ಕೈ ಸುಡುತ್ತಿರುತ್ತದೆ, ಸಂಜೆ ಸ್ನಾನಕ್ಕೆ ಮಧ್ಯಾಹ್ನವೇ ಬಕೆಟ್ ತುಂಬಿ ಆರಲು ಇಡಬೇಕು. ಅಂಥ ಹೊತ್ತಿನಲ್ಲಿ ಗೀಸರ್ ಬೇಕೇನಪ್ಪಾ ಎಂದು ಬಾಗಿಲಿಗೆ ಬಂದವರನ್ನು ಜನ ಮೊದಲು ಕೂಡಿಸಿ ಮಜ್ಜಿಗೆ ಕೊಡುತ್ತಾರೆ. ಕೊಳ್ಳುವವರು ಡಿಸೆಂಬರಿನಲ್ಲಿ ಹುಡುಕಿಕೊಂಡು ಬಂದರೆ ಮಾವನ ಉತ್ತರ ಬೇರೆ: “ಈಗ ಥಂಡಿ ದಿನ, ನಮಗ ಬೇಕಾಗ್ತೈತಿ.”

ಹಾಗೆಂದು ಅವರಿಗೂ ಬೇಕಾಗುವುದಿಲ್ಲ. ಗೀಸರ್ ತಂದದ್ದು ಮಗಳ ಬಾಣಂತನಕ್ಕೆಂದು. ಅತ್ತೆ ಅದನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, “ಹದಿನೈದು ಲೀಟರಿನಾಗ ಬಾಣಂತಿಗೆ ಕಾಲು ತೊಳ್ಯಾಕೂ ಆಗಂಗಿಲ್ಲ” ಎಂದು ತಾಮ್ರದ ಹಂಡೆಯ ಕೆಳಗೆ ಬಳ್ಳಾರಿ ಜಾಲಿಯ ಕಟ್ಟಿಗೆ ತುರುಕಿದರು. ಮೂರು ತಿಂಗಳು ಹಂಡೆ ಕುದಿಯಿತು. ಗೀಸರ್ ಗೋಡೆಯ ಮೇಲಿಂದ ನೋಡುತ್ತಿತ್ತು. ಅಲ್ಲಿಂದೀಚೆಗೆ ಬೀಗರು ಬಂದಾಗ ಮಾತ್ರ ಅದಕ್ಕೆ ಕೆಲಸ.

ನೋಡಲು ಯಾರಾದರೂ ಬಂದರೆ ಮಾವ ಮೊದಲು ತೋರಿಸುವುದು ಗೀಸರನ್ನಲ್ಲ, ಬಿಲ್ಲನ್ನು. ಅದು ಈಗಿನ ಅಂಗಡಿಗಳ ನುಣುಪು ಕಾಗದ, ಶಾಖದಿಂದ ಅಚ್ಚಾಗುವಂಥದ್ದು. ಬಳ್ಳಾರಿ ಸೆಕೆಗೆ ಅಕ್ಷರವೆಲ್ಲ ಹಾರಿಹೋಗಿ ಹಾಳೆ ಬೆಳ್ಳಗಾಗಿದೆ. ಆದರೂ ಮಾವ ಕನ್ನಡಕ ಏರಿಸಿ, ಖಾಲಿ ಹಾಳೆಯ ಮೇಲೆ ಬೆರಳಾಡಿಸುತ್ತ ಓದುತ್ತಾರೆ: “ಮೂಲ ಬೆಲೆ ಇಲ್ಲಿ, ತೆರಿಗೆ ಇಲ್ಲಿ, ಒಟ್ಟು ಏಳು ಸಾವಿರದ ಐನೂರು. ನಿಂಗಾದ್ರ ಏಳು ಸಾವಿರ.” ಐನೂರು ಬಿಟ್ಟುಕೊಟ್ಟ ಔದಾರ್ಯ ಅವರ ಮುಖದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಒಮ್ಮೆ ಬಂದ ಹುಡುಗನೊಬ್ಬ ಚಾಲಾಕು. ಜೊತೆಗೆ ಕರೆಂಟಿನವನನ್ನು ಕರೆತಂದ. ಅವನು ಕೆಳಗಿನ ಬೋಲ್ಟ್ ಬಿಚ್ಚಿ ಕಾಯಿಲ್ ಎಳೆದರೆ ಅದರ ಮೇಲೆ ಬೋರಿನ ಗಡುಸು ನೀರಿನ ಸುಣ್ಣ, ಪದರದ ಮೇಲೆ ಪದರ. ಪಕ್ಕದ ಮೆಗ್ನೀಸಿಯಂ ಸರಳು ಸವೆದು ನಡುವಿನ ತಂತಿಯಷ್ಟೇ ಉಳಿದಿತ್ತು. ಮಾವ ಬೆದರಲಿಲ್ಲ. “ತುಕ್ಕು ಟಾಂಕಿಗಿ ಹತ್ತಬಾರದಂತ ಆ ಸರಳು ತಾನು ಸವೀತೈತಿ. ಅದು ಸವದೈತಿ ಅಂದ್ರ ಟಾಂಕಿ ಗಟ್ಟಿ ಐತಿ ಅಂತ ಅರ್ಥ.” ಮಾತು ಅರ್ಧ ನಿಜ. ಸರಳು ಪೂರ್ತಿ ಮುಗಿದ ಮೇಲೆ ತುಕ್ಕು ತಿರುಗುವುದು ಟಾಂಕಿಯ ಕಡೆಗೇ. ಗುಜರಿಯವನಂತೂ ಗೀಸರನ್ನು ಎತ್ತಿ ತೂಕ ನೋಡಿ ನಾನೂರು ಎಂದ. ಮಾವ ಅವನೊಡನೆ ಈಗಲೂ ಮಾತು ಬಿಟ್ಟಿದ್ದಾರೆ.

ಮಾವ ಜಿಪುಣರೆಂದು ಯಾರೂ ತಿಳಿಯಬಾರದು. ಕೇಳಿದವರಿಗೆ ಕೈಗಡ ಕೊಟ್ಟು ಮರೆಯುವವರು. ಅವರಿಗೆ ಬೇಕಾದದ್ದು ದುಡ್ಡಲ್ಲ. ಆವತ್ತು ಈ ಗೀಸರ್ ತಂದದ್ದು ಸರಿಯಾಯಿತೆಂದು ಒಬ್ಬರಾದರೂ ಒಪ್ಪಬೇಕು. ಮನೆಯಲ್ಲಿ ಅತ್ತೆ ಒಪ್ಪುವ ಲಕ್ಷಣವಿಲ್ಲ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಈ ಸಂಕಟಕ್ಕೆ ಹೊಸ ಕವಲೊಡೆಯಿತು. 2022-23ರಲ್ಲಿ ಉರಿಸಿದ ಸರಾಸರಿ ಕರೆಂಟು, ಅದರ ಮೇಲೆ ಶೇಕಡ 10; 200 ಯುನಿಟ್ ಮೀರದ ಈ ಮಿತಿಯೊಳಗೆ ಉರಿಸಿದರೆ ಬಿಲ್ ಸೊನ್ನೆ ಎಂಬುದು ಆಗಿನ ನಿಯಮ. ಮಾವ ಕೂತು ಲೆಕ್ಕ ಹಾಕಿದರು: ಎರಡು ಕಿಲೋವಾಟಿನ ಗೀಸರ್, ದಿನಕ್ಕೆ ಅರ್ಧ ತಾಸು, ಒಂದು ಯುನಿಟ್; ತಿಂಗಳಿಗೆ ಮೂವತ್ತು. “ಆ ವರ್ಷ ದಿನಾ ಹಚ್ಚಿದ್ರ ನಮ್ಮ ಸರಾಸರಿ ಎಲ್ಲಿಗೆ ಹೋಗಿರ್ತಿತ್ತು!” ಉಳಿತಾಯ ಮಾಡಿ ಕೆಟ್ಟೆನೆಂದು ಕೊರಗಿದ ಗುಮಾಸ್ತರನ್ನು ನಾನು ಕಂಡದ್ದು ಇವರೊಬ್ಬರನ್ನೇ. “ನಾ ಹಂಡೇಕ ಉರಿ ಹಾಕಿದ್ದಕ್ಕೂ ಸರಾಸರಿ ಹಿಡದಿದ್ರ ಚಲೋ ಇತ್ತು” ಎಂದರು ಅತ್ತೆ.

ಮಾರದಿದ್ದರೆ ಹೋಗಲಿ, ದಾನವಾದರೂ ಮಾಡೋಣವೆಂದು ಕುರುಗೋಡಿನ ತಂಗಿಯ ಮಗಳಿಗೆ ಫೋನ್ ಮಾಡಿದರು. ಪುಕ್ಕಟೆ, ಆದರೆ ಷರತ್ತುಂಟು. ಜೋಡಿಸುವಾಗ ತಾವು ಎದುರಿಗಿರಬೇಕು. ಹದಿನಾರು ಆಂಪಿಯರ್ ಪ್ಲಗ್ಗೇ ಆಗಬೇಕು, ಅರ್ಥಿಂಗ್ ಇರಬೇಕು. ವರ್ಷಕ್ಕೊಮ್ಮೆ ಸುಣ್ಣ ಕೆರೆಸಬೇಕು. ಮಾರಬಾರದು. ಆಕೆ ಎಲ್ಲ ಕೇಳಿಸಿಕೊಂಡು, “ಮಾವಾ, ಮನಿ ಮ್ಯಾಲೆ ಸೋಲಾರ್ ಕುಂದ್ರಿಸೀವಿ” ಎಂದಳು. ದಾನಕ್ಕೂ ಯೋಗ ಬೇಕು.

ಕೊನೆಗೆ ಈ ವರ್ಷ ಹೊಸದಾಗಿ ಮನೆ ಕಟ್ಟಿದವನೊಬ್ಬ ಬಂದ. ಬಿಲ್ ನೋಡಲಿಲ್ಲ, ಬೋಲ್ಟ್ ಬಿಚ್ಚಿಸಲಿಲ್ಲ. ಏಳು ಸಾವಿರ ಎಂದೊಡನೆ ಜೇಬಿಗೆ ಕೈ ಹಾಕಿದ. ಮಾವನ ಬಣ್ಣ ಇಳಿಯಿತು. ಒಳಗೆ ಹೋಗಿ ನೀರು ಕುಡಿದು ಬಂದು, “ತಮ್ಮಾ, ಮನ್ಯಾಗ ಒಂದ್ ಮಾತು ಕೇಳಬೇಕು, ನಾಳಿಗಿ ಬಾ” ಎಂದರು. ಒಳಗಿಂದ ಅತ್ತೆ, “ನಂದೇನ್ ಕೇಳ್ತೀರಿ, ಹೊತ್ಕೊಂಡ್ ಹೋಗಪಾ” ಎಂದು ಕೂಗಿದ್ದು ಬೀದಿಗೇ ಕೇಳಿಸಿತು. ಮಾವನಿಗೆ ಕೇಳಿಸಲಿಲ್ಲ. ಅವನು ಹೋದಮೇಲೆ ನನ್ನ ಕಡೆ ತಿರುಗಿ, “ಚೌಕಾಸಿ ಇಲ್ದ ಒಪ್ಪಿದ ನೋಡು. ಅಂದ್ರ ನಾನು ರೇಟು ಕಮ್ಮಿ ಹೇಳೀನಿ” ಎಂದರು.

ಆ ಹುಡುಗ ಮರುದಿನ ಸಿರುಗುಪ್ಪಕ್ಕೆ ಹೋಗಿ ಹೊಸದನ್ನೇ ತಂದ. ಜೋಡಿಸುವಾಗ ಮಾವ ಕರೆಯದೆಯೇ ಹೋಗಿ ನಿಂತರು, ಅರ್ಥಿಂಗ್ ಪರೀಕ್ಷಿಸಿದರು. ಕೆಲಸದವನು ರಟ್ಟಿನ ಡಬ್ಬಿಯನ್ನು ಅಂಗಳಕ್ಕೆ ಎಸೆಯಹೋದರೆ ತಡೆದರು.

“ಏ, ಅದನ್ನ ಒಗೀಬ್ಯಾಡ್ರಪಾ. ಮುಂದ ಮಾರಾಕ ಬೇಕಾಗ್ತೈತಿ.”