ಪರಕಾಯ ಪ್ರವೇಶ ಮೀಮಾಂಸೆ, ಅಥವಾ ಮೌಂಟ್ ಆಗದ ಮೆಮೊರಿ ಕಾರ್ಡಿನ ವಿಚಾರ

ಶಾಸ್ತ್ರಗ್ರಂಥ ಯಾವುದೇ ಇರಲಿ, ಆರಂಭದಲ್ಲೇ ನಾಲ್ಕು ಅನುಬಂಧಗಳನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಇಲ್ಲಿ ವಿಷಯವೆಂದರೆ, ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ ಬ್ಯಾಕಪ್ಪನ್ನು ಹೊಸ ಮೆಮೊರಿ ಕಾರ್ಡಿಗೆ ಇಳಿಸಿದ ಮೇಲೆ ಆ ಕಾರ್ಡು ಮೌಂಟ್ ಆಗದೆ, ಎಂದರೆ ತನ್ನೊಳಗಿರುವುದನ್ನು ಯಂತ್ರದ ಕೈಗೆ ಒಪ್ಪಿಸದೆ, ಹಟ ಹಿಡಿಯುವುದು. ಪ್ರಯೋಜನವೆಂದರೆ ಅದು ಮೌಂಟ್ ಆಗುವುದು. ಸಂಬಂಧವೆಂದರೆ ಕಾರ್ಡಿಗೂ ಕಂಪ್ಯೂಟರಿಗೂ ಇರುವ ಸಂಬಂಧ; ಸದ್ಯಕ್ಕೆ ಅದು ಹಳಸಿದೆ. ಅಧಿಕಾರಿ ಯಾರೆಂದರೆ ಬ್ಯಾಕಪ್ ಇಟ್ಟುಕೊಂಡಿರುವವನು. ಬ್ಯಾಕಪ್ಪೇ ಇಲ್ಲದವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವನು ಗರುಡಪುರಾಣ ಓದಿಸುವುದು ಒಳ್ಳೆಯದು.

ಯಂತ್ರದ ಜಾತಕವನ್ನೂ ಚುಟುಕಾಗಿ ಹೇಳಬೇಕು. ಇದು ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು, ಇಂಗ್ಲೆಂಡಿನ ಕೇಂಬ್ರಿಜ್‌ನಿಂದ. ಎಬೆನ್ ಅಪ್ಟನ್ ಮತ್ತು ಸಂಗಡಿಗರು ಶಾಲಾಮಕ್ಕಳು ಪ್ರೋಗ್ರಾಂ ಬರೆಯುವುದನ್ನು ಕಲಿಯಲಿ ಎಂದು 35 ಡಾಲರಿನ ಬೋರ್ಡು ಮಾಡಿದರು. ನಾಲ್ಕು ವರ್ಷಕ್ಕೊಮ್ಮೆ ಹುಟ್ಟುಹಬ್ಬ ಬರುವ ಮಗುವಿನ ಸ್ವಭಾವ ಹೇಗಿರುತ್ತದೆಂದು ಜ್ಯೋತಿಷಿಗಳೇ ಹೇಳಲಿ. ಅಗ್ಗವಾಗಿರಬೇಕೆಂದು ಅದಕ್ಕೆ ಹಾರ್ಡ್ ಡಿಸ್ಕ್ ಕೊಡಲಿಲ್ಲ. 2014ರ ಬಿ ಪ್ಲಸ್ ಮಾದರಿಯಿಂದೀಚೆಗೆ ಅದರ ಪ್ರಾಣವೆಲ್ಲ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಒಂದು ಮೈಕ್ರೋಎಸ್‌ಡಿ ಕಾರ್ಡಿನಲ್ಲಿದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸನೇ ಇದಕ್ಕಿಂತ ಜಾಣ. ಅವನ ಗಿಳಿ ಸೋಫಾ ಸಂದಿಯಲ್ಲಿ ಬಿದ್ದು ಕಳೆದುಹೋಗುತ್ತಿರಲಿಲ್ಲ.

ಇನ್ನು ಮುಖ್ಯ ವಿಷಯ. ಬ್ಯಾಕಪ್ ರೀಸ್ಟೋರ್ ಮಾಡುವುದೆಂದರೆ ಪರಕಾಯ ಪ್ರವೇಶ. ಶಂಕರವಿಜಯದ ಕಥೆ ಓದುಗರಿಗೆ ಗೊತ್ತೇ ಇದೆ. ವಾದದಲ್ಲಿ ಎದುರಾದ ಉಭಯಭಾರತಿಯ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಶಂಕರಾಚಾರ್ಯರು ತಮ್ಮ ದೇಹವನ್ನು ಗುಹೆಯಲ್ಲಿ ಬಿಟ್ಟು ಅಮರುಕ ರಾಜನ ಕಳೇಬರವನ್ನು ಹೊಕ್ಕರು. ಶಿಷ್ಯರು ಗುಹೆಯಲ್ಲಿ ಕಾವಲಿದ್ದರು. ಅನುಮಾನ ಬಂದ ಮಂತ್ರಿಗಳು, ಜೀವವಿಲ್ಲದ ದೇಹ ಎಲ್ಲಿ ಕಂಡರೂ ಸುಟ್ಟುಬಿಡಿ ಎಂದು ಅಪ್ಪಣೆ ಹೊರಡಿಸಿದರು. ನಮ್ಮ ಶಾಸ್ತ್ರಕ್ಕೆ ಬೇಕಾದ ಪಾತ್ರವರ್ಗವೆಲ್ಲ ಇಲ್ಲೇ ಇದೆ. ಹಳೆಯ ಕಾರ್ಡು ಗುಹೆಯಲ್ಲಿರುವ ದೇಹ. ಹೊಸದು ಎದ್ದು ಓಡಾಡುವ ತನಕ ಅದನ್ನು ಕಾಯಬೇಕು. ಮಂತ್ರಿಯ ಪಾತ್ರದಲ್ಲಿ ವಿಂಡೋಸ್. ಪೈ ಕಾರ್ಡಿನಲ್ಲಿ ಎರಡು ಪಾರ್ಟಿಷನ್‌ಗಳಿರುತ್ತವೆ: ಬೂಟ್ ಆಗಲು ಬೇಕಾದ ಫೈಲುಗಳಿರುವ ಪುಟ್ಟ ಫ್ಯಾಟ್32, ಉಳಿದ ಸಂಸಾರವೆಲ್ಲ ಇರುವ ದೊಡ್ಡ ಇಎಕ್ಸ್‌ಟಿ4. ಎರಡನೆಯದನ್ನು ಓದಲು ವಿಂಡೋಸ್‌ಗೆ ತಾನಾಗಿ ಬರುವುದಿಲ್ಲ. ತನಗೆ ಓದಲು ಬಾರದ್ದನ್ನು ಕಂಡ ಕೂಡಲೇ ಅದು, ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂದು ಬಹಳ ವಿನಯದಿಂದ ಸೂಚಿಸುತ್ತದೆ. ಆಗ ‘ಕ್ಯಾನ್ಸಲ್’ ಒತ್ತುವುದೇ ಶಿಷ್ಯಧರ್ಮ.

ಪೂರ್ವಪಕ್ಷ

ಕಾರ್ಡು ಏಕೆ ಮೌಂಟ್ ಆಗುತ್ತಿಲ್ಲವೆಂಬುದಕ್ಕೆ ವಾದಿಗಳು ಹಲವರು. ಅವರಲ್ಲಿ ಅತಿ ಪ್ರಾಚೀನರು ಕಾರ್ಡ್‌ದೂಷಕರು. “ಕಾರ್ಡು ನಕಲಿ, ಬೇರೆ ತಗೊಳ್ಳಿ” ಎನ್ನುತ್ತಾರೆ. ಶಿಷ್ಯ ಬೇರೆ ತರುತ್ತಾನೆ, ಅದೇ ಬ್ಯಾಕಪ್ಪನ್ನು ಅದೇ ವಿಧಾನದಲ್ಲಿ ಇಳಿಸುತ್ತಾನೆ, ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎಂದು ಅದೇ ತೊಂದರೆ ಮತ್ತೆ ಎದುರು ನಿಲ್ಲುತ್ತದೆ. ಕಾರ್ಡ್‌ದೂಷಕರು ಆಗ ಮೂರನೆಯ ಕಾರ್ಡಿನ ಬ್ರ್ಯಾಂಡ್ ಹೇಳುತ್ತಾರೆ.

ಅಡಾಪ್ಟರ್‌ದೂಷಕರ ವಾದದಲ್ಲಿ ಸ್ವಲ್ಪ ಹುರುಳಿದೆ. ಪೈಗೆ ಸಿಗುವ ವಿದ್ಯುತ್ತು ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಮೂಡುತ್ತದೆ. ಆದರೆ ಮಿಂಚೇ ಕಾಣದ ಕಡೆಯೂ ಮಳೆಯ ಮುನ್ಸೂಚನೆ ಕೊಡುವುದು ಇವರ ಸಂಪ್ರದಾಯ. ಮತ್ತೆ ಕೆಲವರು ಕಾರ್ಡನ್ನು ತೆಗೆದು, ಊದಿ, ಬನಿಯನ್ನಿಗೆ ಒರೆಸಿ ಮತ್ತೆ ಹಾಕುವ ಕರ್ಮಮಾರ್ಗಿಗಳು. ಒಮ್ಮೊಮ್ಮೆ ಅವರಿಗೂ ಫಲ ದೊರೆಯುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಕಾಕತಾಳೀಯ ನ್ಯಾಯವೆಂದು ಹೆಸರು.

ಗಾತ್ರವಾದಿಗಳನ್ನು ಮಾತ್ರ ತಳ್ಳಿಹಾಕುವಂತಿಲ್ಲ. 32 ಜಿಬಿ ಎಂದು ಮೈಮೇಲೆ ಬರೆದುಕೊಂಡ ಎರಡು ಕಾರ್ಡುಗಳ ಸೆಕ್ಟರ್ ಲೆಕ್ಕ ಒಂದೇ ಆಗಿರಬೇಕೆಂದಿಲ್ಲ. ಬ್ಯಾಕಪ್ಪಿನ ಇಮೇಜು ಹೊಸ ಕಾರ್ಡಿಗಿಂತ ಕೆಲವೇ ಎಂಬಿ ದೊಡ್ಡದಾಗಿದ್ದರೂ ಬಾಲ ಕತ್ತರಿಸಿಹೋಗುತ್ತದೆ. ಎರಡನೆಯ ಪಾರ್ಟಿಷನ್ ಕಾರ್ಡಿನ ಅಂಚು ದಾಟಿ ಶೂನ್ಯದೊಳಗೆ ಚಾಚಿಕೊಂಡಿರುತ್ತದೆ. ಇದಕ್ಕೆ ಪೈಶ್ರಿಂಕ್ ಎಂಬ ಸ್ಕ್ರಿಪ್ಟಿನಿಂದ ಇಮೇಜನ್ನು ಮೊದಲೇ ಕುಗ್ಗಿಸಿಕೊಳ್ಳುವುದು ವಿಹಿತ.

ಪೈ ಬೋರ್ಡಿನ ಹಸಿರು ದೀಪ ನಾಲ್ಕು ಸಲ ಮಿನುಗಿದರೆ ಸ್ಟಾರ್ಟ್ ಫೈಲು ಸಿಕ್ಕಿಲ್ಲ, ಏಳು ಸಲ ಮಿನುಗಿದರೆ ಕರ್ನಲ್ ಸಿಕ್ಕಿಲ್ಲ. ಅದು ಗರ್ಭದಲ್ಲೇ ಆದ ಅವಘಡ. ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಸಿದ್ಧಾಂತ

ವೇದಾಂತದಲ್ಲಿ ದೇವದತ್ತನೆಂಬ ಒಬ್ಬ ಬಡಪಾಯಿ ಇದ್ದಾನೆ. ಅಂದು ಅಲ್ಲಿ ಕಂಡವನನ್ನು ಇಂದು ಇಲ್ಲಿ ಕಂಡು “ಅವನೇ ಇವನು” ಎಂದು ಗುರುತಿಸುವುದು ಹೇಗೆ ಎಂಬ ಚರ್ಚೆಗಾಗಿ ಅವನನ್ನು ಶತಮಾನಗಳಿಂದ ನಿಲ್ಲಿಸಿಕೊಂಡಿದ್ದಾರೆ. ಅಂದು–ಇಂದು, ಅಲ್ಲಿ–ಇಲ್ಲಿ ಎಂಬ ಭೇದಗಳನ್ನು ಬಿಟ್ಟು ದೇವದತ್ತನನ್ನು ಮಾತ್ರ ಉಳಿಸಿಕೊಳ್ಳಬೇಕು ಎಂಬುದು ಅದ್ವೈತಿಗಳ ಪರಿಹಾರ. ಪೈಯನ್ನು ನಡೆಸುವ ಲಿನಕ್ಸ್ ಕರ್ನಲ್ ಇದನ್ನು ಒಪ್ಪುವುದಿಲ್ಲ. ಅದು ದೇವದತ್ತನ ಮುಖ ನೋಡುವುದಿಲ್ಲ, ನಂಬರ್ ಕೇಳುತ್ತದೆ.

ಆ ನಂಬರಿನ ಹೆಸರು ಪಾರ್ಟ್‌ಯುಯುಐಡಿ. ಕಾರ್ಡಿನ ಮೊಟ್ಟಮೊದಲ ಸೆಕ್ಟರಿನ 512 ಬೈಟ್‌ಗಳಲ್ಲಿ 440 ಕಳೆದ ಮೇಲೆ ಬರುವ ನಾಲ್ಕು ಬೈಟ್‌ಗಳು ಡಿಸ್ಕಿನ ಗುರುತು. ಅದನ್ನು ಎಂಟು ಅಂಕೆ-ಅಕ್ಷರಗಳಾಗಿ ಬರೆದು, ಮುಂದೆ ಅಡ್ಡಗೆರೆ ಎಳೆದು, ಮೊದಲ ಪಾರ್ಟಿಷನ್ನಿಗೆ 01 ಎಂದೂ ಎರಡನೆಯದಕ್ಕೆ 02 ಎಂದೂ ಸೇರಿಸಿದರೆ ಪಾರ್ಟ್‌ಯುಯುಐಡಿ ಸಿದ್ಧ. ಕಾರ್ಡಿನೊಳಗೆ ಈ ನಂಬರನ್ನು ಎರಡು ಕಡೆ ಬರೆದಿಟ್ಟಿರುತ್ತಾರೆ: ಕರ್ನಲ್ಲಿಗೆ ಅಪ್ಪಣೆ ಕೊಡುವ, ಬೂಟ್ ಪಾರ್ಟಿಷನ್ನಿನ ಸಿಎಂಡಿಲೈನ್ ಫೈಲಿನಲ್ಲಿ ಒಮ್ಮೆ; ಯಾವುದನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ, ದೊಡ್ಡ ಪಾರ್ಟಿಷನ್ನಿನ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಮತ್ತೊಮ್ಮೆ. ಇಡೀ ಕಾರ್ಡನ್ನು ಮೊದಲ ಬೈಟಿನಿಂದ ಡಿಡಿ ಆಜ್ಞೆಯಲ್ಲಿ ನಕಲು ಮಾಡಿದ್ದರೆ ಡಿಸ್ಕಿನ ಗುರುತೂ ಜೊತೆಗೇ ಬರುವುದರಿಂದ ತಕರಾರಿಲ್ಲ. ಆದರೆ ಹೊಸ ಕಾರ್ಡಿನಲ್ಲಿ ಹೊಸದಾಗಿ ಪಾರ್ಟಿಷನ್ ಮಾಡಿ ಆರ್‌ಸಿಂಕ್‌ನಿಂದಲೋ ಟಾರ್ ಕಡತದಿಂದಲೋ ಫೈಲುಗಳನ್ನಷ್ಟೇ ಇಳಿಸಿದರೆ, ದೇಹಕ್ಕೆ ಹೊಸ ನಂಬರು, ಒಳಗಿನ ಆತ್ಮಕ್ಕೆ ಹಳೆಯ ನೆನಪು. ರಾಜನ ಸಿಂಹಾಸನದಲ್ಲಿ ಕುಳಿತು ಗುಹೆಯ ವಿಳಾಸ ಹೇಳಿದ ಹಾಗೆ.

ಇಲ್ಲಿ ಎರಡು ಬಗೆಯ ತಾಳ್ಮೆಯನ್ನು ವಿವೇಚಿಸಬೇಕು. ಪ್ರಸ್ತುತ ಪ್ರಬಂಧಕಾರನ ಮಟ್ಟಿಗೆ ಇಡೀ ಶಾಸ್ತ್ರದಲ್ಲಿ ಇದಕ್ಕಿಂತ ರಸವತ್ತಾದ ಭಾಗವಿಲ್ಲ. ಮೊದಲನೆಯದು ಕರ್ನಲ್ಲಿನದು. ಸಿಎಂಡಿಲೈನ್‌ನಲ್ಲಿ ರೂಟ್‌ವೇಟ್ ಎಂಬ ಪದವಿದ್ದರೆ ಕರ್ನಲ್ಲು ತನ್ನ ರೂಟ್ ಪಾರ್ಟಿಷನ್ ಬರುವ ತನಕ ಕಾಯುತ್ತದೆ. ಎಷ್ಟು ಹೊತ್ತು? ಬರುವ ತನಕ. ಇಂಥ ಪಾರ್ಟ್‌ಯುಯುಐಡಿಯ ಡಿವೈಸಿಗಾಗಿ ಕಾಯುತ್ತಿದ್ದೇನೆ ಎಂದು ಒಂದು ಸಾಲು ಬರೆದು ಮೌನಕ್ಕೆ ಜಾರುತ್ತದೆ. ಶಬರಿಯ ಕಾಯುವಿಕೆಗಾದರೂ ರಾಮ ಬಂದ. ಇಲ್ಲಿ ಬರಬೇಕಾದವನು ಎದುರಿನ ಸ್ಲಾಟಿನಲ್ಲೇ ಕುಳಿತಿದ್ದಾನೆ, ನಂಬರು ಬೇರೆ ಎಂಬ ಒಂದೇ ಕಾರಣಕ್ಕೆ ಅವನು ಅವನಲ್ಲ.

ಎರಡನೆಯದು, ಕರ್ನಲ್ ಎದ್ದ ಮೇಲೆ ಉಳಿದವರನ್ನೆಲ್ಲ ಎಬ್ಬಿಸುವ ಸಿಸ್ಟಂಡಿಯದು. ಸಿಎಂಡಿಲೈನನ್ನು ಸರಿಪಡಿಸಿ, ಎಫ್‌ಎಸ್‌ಟ್ಯಾಬನ್ನು ಮರೆತವರಿಗೆ ಇದರ ದರ್ಶನವಾಗುತ್ತದೆ. ಇದರ ತಾಳ್ಮೆ ಒಂದೂವರೆ ನಿಮಿಷ. ಕೆಂಪು ನಕ್ಷತ್ರಗಳು ಅತ್ತಿತ್ತ ಓಡಾಡುತ್ತವೆ, ಸೆಕೆಂಡುಗಳ ಎಣಿಕೆ ನಡೆಯುತ್ತದೆ, 90 ಆದ ಮೇಲೆ ಬೂಟ್ ಪಾರ್ಟಿಷನ್ ಸಿಗಲಿಲ್ಲವೆಂದು ತೀರ್ಮಾನಿಸಿ ಯಂತ್ರವನ್ನು ಎಮರ್ಜೆನ್ಸಿ ಮೋಡಿಗೆ ಒಯ್ಯುತ್ತದೆ. ಅಲ್ಲಿ ಏನಾಗಬೇಕು? ರೂಟ್ ಬಳಕೆದಾರನಾಗಿ ಒಳಗೆ ಹೋಗಿ ರಿಪೇರಿ ಮಾಡಬೇಕು. ಆದರೆ ಪೈಯಲ್ಲಿ ರೂಟ್ ಖಾತೆಗೆ ಭದ್ರತೆಯ ದೃಷ್ಟಿಯಿಂದ ಬೀಗ ಹಾಕಿರುತ್ತಾರೆ. ರೂಟ್ ಖಾತೆ ಲಾಕ್ ಆಗಿರುವುದರಿಂದ ಕನ್ಸೋಲ್ ಕೊಡಲಾಗದು, ಮುಂದುವರಿಯಲು ಎಂಟರ್ ಒತ್ತಿ, ಎಂಬ ಸಂದೇಶ ಬರುತ್ತದೆ. ಎಂಟರ್ ಒತ್ತಿದರೆ ಸಾಮಾನ್ಯವಾಗಿ ಅದೇ ಸಂದೇಶ ಮತ್ತೊಮ್ಮೆ. ತುರ್ತು ಚಿಕಿತ್ಸಾ ಘಟಕ ಕಟ್ಟಿಸಿ, ಬೀಗದಕೈಯನ್ನು ಒಳಗೇ ಇಟ್ಟು ಬಾಗಿಲೆಳೆದುಕೊಂಡ ಆಸ್ಪತ್ರೆಯನ್ನು ಪೂರ್ವಸೂರಿಗಳು ಎಲ್ಲೂ ವರ್ಣಿಸಿದಂತಿಲ್ಲ.

ಪ್ರಾಯಶ್ಚಿತ್ತ ಪ್ರಕರಣ

ಕಾರ್ಡನ್ನು ಹೊರತೆಗೆದು ರೀಡರಿನ ಮೂಲಕ ಬೇರೊಂದು ಲಿನಕ್ಸ್ ಯಂತ್ರಕ್ಕೆ ಹಾಕಬೇಕು. ಬಿಎಲ್‌ಕೆಐಡಿ ಆಜ್ಞೆ ಕೊಟ್ಟರೆ ಹೊಸ ದೇಹದ ನಿಜವಾದ ನಂಬರು ತಿಳಿಯುತ್ತದೆ. ಅದನ್ನು ಎರಡೂ ಫೈಲುಗಳಲ್ಲಿ ಹಳೆಯದರ ಜಾಗಕ್ಕೆ ಬರೆಯಬೇಕು. ಇಷ್ಟೇ. ಮಂತ್ರಕ್ಕಿಂತ ಉಗುಳೇ ಹೆಚ್ಚಾಯಿತೆಂದು ಓದುಗರು ಗೊಣಗಬಹುದು; ಶಾಸ್ತ್ರಗ್ರಂಥವಲ್ಲವೇ.

ಆದರೂ ವಿಘ್ನಗಳುಂಟು. ಸಿಎಂಡಿಲೈನ್ ಫೈಲಿನಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರಬೇಕು. ಓದಲು ಚೆನ್ನಾಗಿರಲೆಂದು ನಡುವೆ ಎಂಟರ್ ಒತ್ತಿದ ಸೌಂದರ್ಯೋಪಾಸಕನ ಕಾರ್ಡಿನಲ್ಲಿ ಎರಡನೆಯ ಸಾಲಿನವರಿಗೆ ಊಟ ಬಡಿಸುವುದಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ಆರು ಅಂಕಣಗಳಿವೆ. ಐದನೆಯದು ಡಂಪ್ ಎಂಬ ಹಳೆಯ ಬ್ಯಾಕಪ್ ಪ್ರೋಗ್ರಾಂಗೆಂದು ಮೀಸಲು. ಆ ಪ್ರೋಗ್ರಾಂ ಬಳಸುವವರು ಈಗ ವಿರಳ, ಆದರೂ ಪ್ರತಿ ಸಾಲಿನಲ್ಲೂ ಒಂದು ಸೊನ್ನೆ ಅಲ್ಲಿ ಹಾಜರಿ ಹಾಕುತ್ತದೆ. ಬ್ಯಾಕಪ್ಪಿಗಾಗಿಯೇ ಇಟ್ಟ ಅಂಕಣ ಬ್ಯಾಕಪ್ಪಿನ ಸಂಕಟದಲ್ಲಿ ಚೂರೂ ನೆರವಾಗದೆ ಕುಳಿತಿರುವುದನ್ನು ಸುಮ್ಮನೆ ದಾಖಲಿಸುತ್ತೇವೆ.

ಕೆಲವರು ಬೂಟ್ ಪಾರ್ಟಿಷನ್ನಿನ ಸಾಲಿಗೆ ನೋಫೇಲ್ ಎಂದು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಸಿಕ್ಕರೆ ಸರಿ, ಸಿಗದಿದ್ದರೂ ಸರಿ, ಮುಂದೆ ಹೋಗು ಎಂಬುದು ಅದರ ಅರ್ಥ. ಯಂತ್ರವೇನೋ ನಗುನಗುತ್ತ ಏಳುತ್ತದೆ. ಆದರೆ ಮೌಂಟ್ ಆಗದ ಜಾಗದಲ್ಲಿ ಉಳಿದಿರುವುದು ಖಾಲಿ ಫೋಲ್ಡರು. ಮುಂದಿನ ಅಪ್‌ಡೇಟಿನಲ್ಲಿ ಬರುವ ಹೊಸ ಕರ್ನಲ್ಲು ಆ ಖಾಲಿ ಫೋಲ್ಡರಿನಲ್ಲಿ ಕೂರುತ್ತದೆ, ಬೂಟ್ ಆಗುವುದು ಹಳೆಯ ಕರ್ನಲ್ಲೇ, ಅದಕ್ಕೆ ತಕ್ಕ ಮಾಡ್ಯೂಲುಗಳು ಆ ಹೊತ್ತಿಗೆ ಇಲ್ಲವಾಗಿದ್ದರೆ ಒಂದು ದಿನ ವೈಫೈ ಕಾಣೆಯಾಗುತ್ತದೆ. 2023ರ ಬುಕ್‌ವರ್ಮ್ ಆವೃತ್ತಿಯಿಂದ ಈ ಫೋಲ್ಡರಿನ ವಿಳಾಸವೂ ಬೂಟ್‌ನಿಂದ ಬೂಟ್ ಒಳಗಿನ ಫರ್ಮ್‌ವೇರ್‌ಗೆ ಬದಲಾಗಿದೆ. ಹಳೆಯ ಎಫ್‌ಎಸ್‌ಟ್ಯಾಬನ್ನು ಹೊಸ ವ್ಯವಸ್ಥೆಗೆ ಅಂಟಿಸುವವರು ನಂಬರಿನ ಜೊತೆ ಇದನ್ನೂ ನೋಡಿಕೊಳ್ಳಬೇಕು.

ಪರಿಶಿಷ್ಟ: ವಾಲಿ-ಸುಗ್ರೀವ ನ್ಯಾಯ

ಡಿಡಿ ಮಾರ್ಗದವರು ಇಷ್ಟು ಹೊತ್ತು ಪಕ್ಕದಲ್ಲಿ ಕುಳಿತು ನಗುತ್ತಿದ್ದರು, ಅವರಿಗೊಂದು ಮಾತು. ಬೈಟಿಗೆ ಬೈಟು ನಕಲಾದ ಕಾರ್ಡಿಗೆ ನಂಬರೂ ಅದೇ ಇರುತ್ತದೆ. ಮೂಲ ಕಾರ್ಡು ಸ್ಲಾಟಿನಲ್ಲಿ, ನಕಲು ಯುಎಸ್‌ಬಿ ರೀಡರಿನಲ್ಲಿ ಏಕಕಾಲಕ್ಕೆ ಇದ್ದರೆ ಯಾವುದನ್ನು ಮೌಂಟ್ ಮಾಡಬೇಕೆಂದು ಯಂತ್ರಕ್ಕೆ ತಿಳಿಯದೆ, ಮೊದಲು ಕಣ್ಣಿಗೆ ಬಿದ್ದದ್ದನ್ನು ಹಿಡಿದುಕೊಳ್ಳುತ್ತದೆ. ನಕಲನ್ನು ತಿದ್ದುತ್ತಿದ್ದೇನೆಂದುಕೊಂಡು ಮೂಲವನ್ನೇ ತಿದ್ದುವ ಸಂಭವ ಇಲ್ಲಿಂದ ಹುಟ್ಟುತ್ತದೆ. ದ್ವಂದ್ವಯುದ್ಧದಲ್ಲಿ ವಾಲಿ ಯಾರು, ಸುಗ್ರೀವ ಯಾರು ಎಂದು ತಿಳಿಯದೆ ರಾಮನೇ ಬಾಣ ತಡೆಹಿಡಿದಿದ್ದ. ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಮಾಲೆ ಹಾಕಿಸಿದ ಮೇಲೆಯೇ ಮುಂದಿನ ಕೆಲಸ ಆದದ್ದು. ನಮ್ಮಲ್ಲಿ ಆ ಮಾಲೆ ಎಫ್‌ಡಿಸ್ಕ್‌ನಲ್ಲಿದೆ: ನಕಲು ಕಾರ್ಡನ್ನು ತೆರೆದು ಎಕ್ಸ್ ಒತ್ತಿ ಪರಿಣತರ ಮೆನುಗೆ ಹೋಗಿ, ಐ ಒತ್ತಿ ಹೊಸ ಗುರುತು ಕೊಟ್ಟು, ಆರ್ ಒತ್ತಿ ಹಿಂದಿರುಗಿ, ಡಬ್ಲ್ಯೂ ಒತ್ತಿ ಬರೆಯಬೇಕು.

ಮಾಲೆ ಬಿದ್ದ ಮೇಲೆ ಸುಗ್ರೀವನ ಒಳಗಿನ ಎರಡು ಫೈಲುಗಳಲ್ಲಿ ವಾಲಿಯ ನಂಬರೇ ಇರುತ್ತದೆ. ಅವನು ವಾಲಿಗಾಗಿ ಕಾಯುತ್ತಾ ಕೂರುತ್ತಾನೆ. ಅಂಥವರು ಪ್ರಾಯಶ್ಚಿತ್ತ ಪ್ರಕರಣದ ಮೊದಲ ಪ್ಯಾರಾ ನೋಡತಕ್ಕದ್ದು.