ಹುಟ್ಟದ ವ್ಯಾನಿಗೆ ಕುಲಾವಿ

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ ಅನ್ನುವುದು ಅವನ ಅಪ್ಪನ ನಂಬಿಕೆ. ಓದುವುದಕ್ಕಿಂತ ಹೆಚ್ಚು ಹೊತ್ತು ಬೀಮ್‌ಎನ್‌ಜಿ ಡ್ರೈವ್ ಎಂಬ ಆಟದಲ್ಲಿ ಗಾಡಿ ಗುದ್ದಿಸುತ್ತಾನೆ ಅನ್ನುವುದು ಕಾಂಪೌಂಡಿನ ಈಚೆಗಿರುವ ನನಗೆ ಗೊತ್ತು. ಕಿಟಕಿ ತೆರೆದಿದ್ದರೆ ತಗಡು ನಜ್ಜುಗುಜ್ಜಾಗುವ ಸದ್ದು ನಮ್ಮ ತುಳಸಿಕಟ್ಟೆಯವರೆಗೂ ಬರುತ್ತದೆ. ಈಗ ಅವನ ತಲೆಗೆ ಒಂದು ವ್ಯಾನು ಹೊಕ್ಕಿದೆ. ಆಟಕ್ಕೆ ಹೊಸ ವ್ಯಾನು ಬರುತ್ತದಂತೆ, ಅದೂ ಕಲ್ಲುಮುಳ್ಳು ಹತ್ತುವ ಫೋರ್ ವೀಲ್ ವ್ಯಾನು. ಯಾರಪ್ಪ ಹೇಳಿದ್ದು ಅಂದರೆ ಯಾರೂ ಹೇಳಿಲ್ಲ. "ಬರ್ಲೇಬೇಕು ಅಂಕಲ್, ಬಂದೇ ಬರುತ್ತೆ." ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಇರಲಿ, ಹೊಲಿಗೆಯ ವಿಷಯ ಬಂದರೆ ನನ್ನ ಕೈಯೂ ಸುಮ್ಮನಿರುವುದಿಲ್ಲ.

ಆ ಆಟ ನೋಡದವರಿಗೆ ಎರಡು ಮಾತು. ಜರ್ಮನಿಯ ಬ್ರೆಮೆನ್ ಊರಿನ ಒಂದು ಕಂಪನಿ ಅದನ್ನು ಮಾಡಿದ್ದು. 2015ರಿಂದ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಮಾರಾಟಕ್ಕಿದೆ. ಅದರಲ್ಲಿ ಗಾಡಿಯ ಮೈಯೆಲ್ಲ ತೂಕವಿರುವ ಬಿಂದುಗಳು, ಬಿಂದುಗಳ ನಡುವೆ ಬಾಗುವ, ಮುರಿಯುವ ತೊಲೆಗಳು. ಯಾವ ಬಿಂದು ಎಲ್ಲಿಗೆ ಸರಿಯಿತು ಅನ್ನುವುದನ್ನು ಸೆಕೆಂಡಿಗೆ 2000 ಸಲ ಲೆಕ್ಕ ಹಾಕುತ್ತದೆ. ಬೇರೆ ಆಟಗಳಲ್ಲಿ ಬಂಡೆಗೆ ಗುದ್ದಿದರೆ ಬಣ್ಣಕ್ಕೆ ಗೀರು ಬಿದ್ದು ಗಾಡಿ ಮುಂದೆ ಓಡುತ್ತದೆ. ಇಲ್ಲಿ ಚಕ್ರ ಸೊಟ್ಟಗಾಗುತ್ತದೆ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ರೇಡಿಯೇಟರ್ ಒಡೆದು ಇಂಜಿನ್ ಕಾದು ಕುಳಿತುಬಿಡುತ್ತದೆ. ಗೆಲ್ಲುವುದಕ್ಕಿಂತ ಕೆಡಿಸುವುದರಲ್ಲೇ ಅದರ ರುಚಿ. ದುಡ್ಡು ಖರ್ಚಾಗದೆ ಗಾಡಿ ಕೆಡುವುದು ಬೇರೆಲ್ಲಿ ಸಿಕ್ಕೀತು ಹೇಳಿ.

ಊಹೆಗೆ ಇಷ್ಟು ಜಾಗ ಸಿಗುವುದಕ್ಕೆ ಒಂದು ಕಾರಣವಿದೆ. ಆಟದವರು ನಿಜವಾದ ಕಂಪನಿಗಳ ಹೆಸರು ಬಳಸುವುದಿಲ್ಲ, ಎಲ್ಲ ಅವರೇ ಹುಟ್ಟಿಸಿಕೊಂಡ ಮನೆತನಗಳು. ಗ್ಯಾವ್ರಿಲ್ ಅಂದರೆ ಅಮೆರಿಕದ್ದು, ಇಬಿಷು ಜಪಾನಿನದು, ಇಟಿಕೆ ಜರ್ಮನಿಯದು, ಷೆರಿಯೆ ಫ್ರಾನ್ಸಿನದು. ಹೆಸರು ಬೇರೆಯಾದರೂ ಮೂಗು ನೋಡಿದರೆ ಯಾರ ಮಗ ಅಂತ ತಿಳಿಯುತ್ತದೆ. ವ್ಯಾನೇನೂ ಇಲ್ಲ ಅಂತಲ್ಲ. ಗ್ಯಾವ್ರಿಲ್‌ನ ಎಚ್-ಸೀರೀಸ್ ಇದೆ, ಅದನ್ನು ಎತ್ತರಿಸಿ ದಪ್ಪ ಟೈರು ತೊಡಿಸಿದ ಅವತಾರವೂ ಉಂಟು. "ಅದು ಅಮೆರಿಕದ ದೊಡ್ಡ ದೇಹ ಅಂಕಲ್, ಕಿರಿದಾದ ಕಾಡುದಾರೀಲಿ ತಿರುಗೋದೇ ಇಲ್ಲ" ಅನ್ನುವುದು ಹುಡುಗನ ತಕರಾರು. ಅವನಿಗೆ ಬೇಕಾದದ್ದು ಸಣ್ಣದು, ಮೂತಿಯಿಲ್ಲದ್ದು.

ರಷ್ಯಾದ ಉಲ್ಯಾನೊವ್‌ಸ್ಕ್‌ನ ಯುಎಝಡ್-452 ಆಗಬಹುದಲ್ಲ ಅಂದೆ. 1965ರಿಂದ ತಯಾರಾಗುತ್ತಿರುವ ಗಾಡಿ. ಅಲ್ಲಿಯ ಜನ ಅದನ್ನು ಬ್ರೆಡ್ಡಿನ ಲೋಫು ಅಂತಲೇ ಕರೆಯುತ್ತಾರೆ, ಆಕಾರವೂ ಹಾಗೇ. ಫೋಕ್ಸ್‌ವ್ಯಾಗನ್‌ನ ಸಿಂಕ್ರೊ ಕೂಡ ಅಭ್ಯರ್ಥಿಯೇ. 1985ರಿಂದ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಕಟ್ಟುತ್ತಿದ್ದದ್ದು, ಇಂಜಿನ್ ಹಿಂದೆ, ಹಿಂದಿನ ಚಕ್ರ ಜಾರಿದರೆ ಮುಂದಿನದಕ್ಕೆ ತಾನಾಗಿ ಬಲ ಹೋಗುವ ಏರ್ಪಾಡು. ಎರಡಕ್ಕೂ ಹುಡುಗ ತಲೆಯಾಡಿಸಿ ತನ್ನ ತುರುಫು ಹಾಕಿದ. ಮಿತ್ಸುಬಿಷಿಯವರು 1982ರಲ್ಲಿ ಡೆಲಿಕಾ ವ್ಯಾನಿಗೆ ಪಜೇರೊದ ಫೋರ್ ವೀಲ್ ಸಾಮಾನು ಜೋಡಿಸಿದರಲ್ಲ, ಅದೇ ದಾರಿ ಇಲ್ಲೂ ಅಂತ. "ಇಬಿಷುಗೆ ಆಗ್ಲೇ ಹಾಪರ್ ಅನ್ನೋ ಜೀಪಿದೆ. ಅದರ ಆಕ್ಸೆಲ್ಲು, ಗೇರ್‌ಬಾಕ್ಸು ತಗೊಂಡು ಮೇಲೆ ಒಂದು ಡಬ್ಬ ಕೂರಿಸಿದ್ರೆ ಮುಗೀತು."

ತರ್ಕಕ್ಕೆ ಎದುರು ಹೇಳುವ ಹಾಗಿಲ್ಲ. ಮಾಡಿಟ್ಟ ಸಾಮಾನನ್ನೇ ಮತ್ತೆ ಬಳಸುವುದು ಕಾರಿನವರಿಗೂ ಆಟದವರಿಗೂ ಲಾಭ. ಆದರೂ ನನ್ನ ಓಟು ಬೇರೆ ಕಡೆಗೆ. ಆಟ ಮಾಡುವವರು ಕುಳಿತಿರುವುದು ಬ್ರೆಮೆನ್‌ನಲ್ಲಿ. 1977ರಲ್ಲಿ ಮರ್ಸಿಡೀಸ್‌ನವರು ಟಿ-ಒನ್ ವ್ಯಾನು ಶುರುಮಾಡಿದ್ದೂ ಅದೇ ಊರಿನಲ್ಲಿ. ಜರ್ಮನ್ನರು ಅದನ್ನು ಬ್ರೆಮರ್ ಅಂತ ಊರಿನ ಹೆಸರಿನಿಂದಲೇ ಕರೆದರು. ಅದಕ್ಕೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ಎತ್ತರಿಸಿಕೊಡುವ ಇಗ್ಲ್‌ಹೌಸ್ ಎಂಬ ಸಂಸ್ಥೆಯೂ ಆ ದೇಶದಲ್ಲೇ ಇತ್ತು. ಮನೆಬಾಗಿಲಲ್ಲೇ ಇಂಥ ಗಾಡಿ ಇರುವಾಗ ಇಟಿಕೆ ಹೆಸರಿನಲ್ಲಿ ಅದನ್ನೊಂದು ತರಬಾರದೇ?

"ಯಾವ್ದು ಅಂಕಲ್ ಟಿ-ಒನ್? ನೋಡೇ ಇಲ್ಲ" ಅಂದ.

"ನೋಡದೆ ಏನು, ಅದರಲ್ಲೇ ಅಲ್ವೇನೋ ನಿಮ್ಮಕ್ಕನ ಮದುವೆಗೆ ಧರ್ಮಸ್ಥಳಕ್ಕೆ ಹೋಗಿದ್ದು!" 1987ರಲ್ಲಿ ಬಜಾಜ್ ಟೆಂಪೊದವರು ಹೊರತಂದ ಟ್ರಾವೆಲರ್, ನಾವು ಟಿಟಿ ಅನ್ನುವ ಅದೇ ಗಾಡಿ, ಆ ಬ್ರೆಮೆನ್ ವ್ಯಾನಿನ ಸಂತಾನ.

ಹುಡುಗ ನಕ್ಕ. "ಟಿಟಿ ಎಲ್ಲಾದ್ರೂ ಆಫ್‌ರೋಡ್ ಹೋಗುತ್ತಾ?" ಮಳೆಗಾಲದಲ್ಲಿ ಶಿರಾಡಿ ಘಾಟಿ ನೋಡದವರು ಕೇಳುವ ಪ್ರಶ್ನೆ.

ನಿಜ ಹೇಳಬೇಕೆಂದರೆ, ಎತ್ತರಿಸಿದ ವ್ಯಾನು ಗುಡ್ಡ ಹತ್ತುವುದಕ್ಕೆ ಹೇಳಿಮಾಡಿಸಿದ್ದಲ್ಲ. ಪಕ್ಕ ಅಗಲವಿಲ್ಲ, ಮೈಯೆಲ್ಲ ಮೇಲಕ್ಕೆ, ಓರೆ ದಾರಿಯಲ್ಲಿ ಭಾರವೆಲ್ಲ ಇಳಿಜಾರಿನ ಕಡೆಯ ಎರಡು ಚಕ್ರಕ್ಕೆ ಬೀಳುತ್ತದೆ. ಇನ್ನೊಂದು ಗೇಣು ವಾಲಿದರೆ ಪಲ್ಟಿ. ಅದಕ್ಕೇ ನನಗೆ ಅದು ಈ ಆಟದಲ್ಲಿ ಬೇಕು ಅನ್ನಿಸುವುದು. ಒಳ್ಳೆ ಜೀಪು ಕಲ್ಲು ಹತ್ತುವುದನ್ನು ನೋಡುವುದರಲ್ಲಿ ಏನಿದೆ? ಹತ್ತುತ್ತದೆ, ಅಷ್ಟೇ. ವ್ಯಾನು ಹತ್ತುವಾಗ ಪ್ರತಿ ಕೊರಕಲಿಗೂ ಎದೆ ಡವಡವ. ಆಟದ ಯೂಟಾ ನಕ್ಷೆಯ ಕೆಂಪು ಬಂಡೆಗಳ ಮೇಲೆ ಅದು ಒಂದು ಚಕ್ರ ಎತ್ತಿ ಯೋಚನೆ ಮಾಡುತ್ತಾ ನಿಂತಿರುವ ಗಳಿಗೆಯೇ ಸಾಕು, ಹತ್ತದಿದ್ದರೂ ಪರವಾಗಿಲ್ಲ.

ಇಷ್ಟಾದ ಮೇಲೆ ನನ್ನ ಷರತ್ತುಗಳನ್ನೂ ಮುಂದಿಟ್ಟೆ. ಒಳಗೆ ಮಂಚ, ಒಲೆ, ಸಿಂಕು ಇಟ್ಟು ಶೋಕಿಯ ಕ್ಯಾಂಪರ್ ಮಾಡಿದರೆ ಬೇಡ. ಈಗ ಎಲ್ಲಿ ನೋಡಿದರೂ ಅದೇ ಹಾವಳಿ. ಸ್ಲೈಡಿಂಗ್ ಬಾಗಿಲು ಸಡಿಲಾಗಿ ಗುಂಡಿಗೊಮ್ಮೆ ತಾನಾಗಿ ತೆರೆದುಕೊಳ್ಳಬೇಕು. ಮೇಲೆ ಲಗೇಜ್ ಕ್ಯಾರಿಯರ್ ಇರಬೇಕು, ಅದರ ಮೇಲೆ ತೂಕ ಹೇರಲು ಬರಬೇಕು.

"ಮೇಲೆ ತೂಕ ಹೇರಿದ್ರೆ ಮೊದಲ ತಿರುವಲ್ಲೇ ಪಲ್ಟಿ ಅಂಕಲ್."

"ಹೊಡೀಲಿ ಬಿಡೋ, ಟಾರ್ಪಾಲು ಕಟ್ಟಿದ ಗಂಟು ಬಿಚ್ಚಿಕೊಳ್ಳುತ್ತೋ ಇಲ್ವೋ ನೋಡ್ಬೇಕು."

ಕೊನೆಗೆ ಬಾಜಿ ಕಟ್ಟಿದ್ದೇವೆ. ಇಬಿಷು ಬಂದರೆ ನಾನು ಮಸಾಲೆದೋಸೆ ಕೊಡಿಸುವುದು. ಇಟಿಕೆ ಬಂದರೆ ಮೊದಲ ಸವಾರಿ ನನ್ನದು, ಹಾರ್ನ್ ಹೊಡೆಯುವ ಕೆಲಸ ಮಾತ್ರ ಅವನದು. ಎರಡೂ ಬಾರದೆ ಇನ್ನೊಂದು ಸೂಪರ್‌ಕಾರ್ ಬಂದರೆ ಏನು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ, ಅಷ್ಟರಲ್ಲಿ ಅವರಪ್ಪ ಹಾಲು ತಗೊಂಡು ಗೇಟಿನೊಳಗೆ ಬಂದರು.